ಕಾಂಕ್ರೀಟಿನ ಮರ ಮುರಿದು ಬಿದ್ದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗಾರ್ಡನ್ ಅಲಂಕಾರ ಕೆಲಸಗಳ ವಿಭಾಗ

ಇವರಿಂದ,
ಹೋಂಸ್ಟೇ ನಡೆಸುವವರು,
ಕಕ್ಕಬ್ಬೆ, ಕೊಡಗು

ವಿಷಯ: ತೋಡಿನ ಕಾಲುಸೇತುವೆಗೆ ನೀವು ಹಾಕಿದ, ಮರದಂತೆ ಕಾಣುವ ಕಾಂಕ್ರೀಟ್ ರೇಲಿಂಗ್ ಮೂರೇ ತಿಂಗಳಲ್ಲಿ ಮುರಿದಿರುವುದು.

ಮಾನ್ಯರೇ,

ನಿನ್ನೆ ನಿಮ್ಮ ಆಫೀಸಿನಿಂದ ನಾಲ್ಕನೇ ಸಲ ವಾಟ್ಸಾಪ್ ಬಂತು. ಬಾಕಿ 16,000 ರೂಪಾಯಿ ಕೂಡಲೇ ಕಟ್ಟಬೇಕಂತೆ. ಕೆಳಗೆ ಕೈಮುಗಿಯುವ ಚಿತ್ರ ಬೇರೆ. ಆಗಸ್ಟಿನಿಂದ ನಾನು ಕಳಿಸಿದ ಹನ್ನೊಂದು ಫೋಟೋಗಳಿಗೆ ನಿಮ್ಮಿಂದ ಬಂದದ್ದು ಎರಡೇ ಉತ್ತರ. ಮೊದಲನೆಯದು, ‘ನೋಟೆಡ್ ಮೇಡಂ’. ಎರಡನೆಯದರ ವಿಷಯ ಆಮೇಲೆ ಹೇಳುತ್ತೇನೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಅನ್ನುವುದು ಗೊತ್ತಾಯಿತು. ಅದಕ್ಕೇ ಈ ಸಲ ಕಾಗದದಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನಮ್ಮ ಮನೆಗೂ ಅತಿಥಿಗಳ ಕಾಟೇಜಿಗೂ ನಡುವೆ ಒಂದು ಸಣ್ಣ ತೋಡು ಹರಿಯುತ್ತದೆ. ಅದರ ಮೇಲೆ ಕಾಲುಸೇತುವೆ. ಮೊದಲು ಅದಕ್ಕೆ ಸಿಲ್ವರ್ ಓಕ್ ಕಂಬಗಳ ರೇಲಿಂಗ್ ಇತ್ತು. ತೋಟದಲ್ಲೇ ಬೆಳೆದ ಮರ, ಖರ್ಚಿಲ್ಲ. ಆದರೆ ಎರಡು ಮಳೆಗಾಲ ಕಳೆದರೆ ಬುಡ ಮೆತ್ತಗಾಗುತ್ತಿತ್ತು. ಮೂರನೆಯ ವರ್ಷ ಗೆದ್ದಲು. ಹೀಗೆ ಮೂರು ಸಲ ಬದಲಾಯಿಸಿದೆವು. ಕಬ್ಬಿಣದ ಪೈಪು ಹಾಕಿಸಿ ಎಂದರು ಕೆಲವರು. ಕಾಡಿನ ಅಂಚಿನಲ್ಲಿ ನೀಲಿ ಪೈಪು ನೋಡಲು ಯಾರಾದರೂ ಇಷ್ಟು ದೂರ ಬರುತ್ತಾರಾ?

ಆಗ ಬಂದವರು ನಿಮ್ಮ ಸೇಲ್ಸ್ ಹುಡುಗ. ಮಾತು ಚೆನ್ನಾಗಿತ್ತು, ನಾನು ಸುಳ್ಳು ಹೇಳುವುದಿಲ್ಲ. ಟ್ಯಾಬ್ ತೆಗೆದು ಪ್ಯಾರಿಸ್ಸಿನ ಪಾರ್ಕ್ ತೋರಿಸಿದರು. ಬ್ಯುಟ್ ಶೋಮೋ ಅಂತ ಹೆಸರು, 1867ರಲ್ಲಿ ತೆರೆದದ್ದು, ಅಲ್ಲಿನ ಮೆಟ್ಟಿಲ ಕಟಕಟೆಗಳು ಮರದ ಕೊಂಬೆಯಂತಿವೆ, ಎಲ್ಲ ಸಿಮೆಂಟ್. ಅದೇ ವರ್ಷ ಜೋಸೆಫ್ ಮೊನಿಯೆ ಎಂಬ ಫ್ರೆಂಚ್ ತೋಟಗಾರ ಕಬ್ಬಿಣದ ಬಲೆಗೆ ಸಿಮೆಂಟ್ ಮೆತ್ತಿ ಗಿಡದ ತೊಟ್ಟಿ ಮಾಡುವುದಕ್ಕೆ ಪೇಟೆಂಟ್ ಪಡೆದರಂತೆ. ಆಮೇಲೆ ಅಮೆರಿಕದ ಸ್ಯಾನ್ ಆಂಟೋನಿಯೊ. ಅಲ್ಲಿ ಮೆಕ್ಸಿಕೊದಿಂದ ಬಂದ ಡಿಯೊನಿಸಿಯೊ ರೊಡ್ರಿಗಸ್ ಎಂಬ ಕುಶಲಕರ್ಮಿ 1920ರ ದಶಕದಲ್ಲಿ ಮಾಡಿದ ಸೇತುವೆ ಬ್ರ್ಯಾಕೆನ್‌ರಿಜ್ ಪಾರ್ಕಿನಲ್ಲಿ ಇನ್ನೂ ನಿಂತಿದೆ. ಫೋಟೋ ನೋಡಿ ನಾನು ನಿಜವಾಗಿಯೂ ಬೆರಗಾದೆ. ತೊಗಟೆ ಬಿರುಕು ಬಿಟ್ಟದ್ದು, ಕೊಂಬೆ ಕಡಿದ ಜಾಗದ ಬಳೆಗಳು, ಹುಳು ಕೊರೆದ ತೂತು ಕೂಡ ಇತ್ತು. ಕಾಫಿ ತೋಟದವಳಿಗೆ ಹುಳು ಕೊರೆದ ತೂತು ಕಂಡರೆ ಎದೆ ಝಲ್ ಎನ್ನಬೇಕು. ಇಲ್ಲಿ ಮಾತ್ರ ಖುಷಿಯಾಯಿತು.

‘ನಾವೂ ಹೀಗೆಯೇ ಕೈಯಲ್ಲಿ ಕೆತ್ತಿ ಮಾಡುತ್ತೇವೆ ಮೇಡಂ’ ಎಂದರು. ಕೊಟೇಶನ್‌ನಲ್ಲೂ ಹಾಗೇ ಇದೆ. ‘8 ಎಂಎಂ ಕಂಬಿ, ಚಿಕನ್ ಮೆಶ್ (ತಂತಿ ಬಲೆ), ಕೈಕೆತ್ತನೆ, ಬೀಟೆ ಮರದ ಫಿನಿಶ್.’ ಹದಿನಾಲ್ಕು ಕಂಬಗಳ ರೇಲಿಂಗಿಗೆ 1,22,000. ಮರದ ಬೊಡ್ಡೆಯಂಥ ಒಂದು ಮೇಜು, ನಾಲ್ಕು ಸ್ಟೂಲಿಗೆ 64,000. ಒಟ್ಟು 1,86,000. ಅದರಲ್ಲಿ 1,70,000 ಕೊಟ್ಟಾಗಿದೆ.

ಈಗ ನಡೆದದ್ದನ್ನು ಹೇಳುತ್ತೇನೆ.

ಆಗಸ್ಟ್ ಮೊದಲ ವಾರ, ನಮ್ಮ ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳು. ಆ ಹೊತ್ತಿನಲ್ಲಿ ನಮ್ಮ ತೋಡು ತೋಡಾಗಿರುವುದಿಲ್ಲ, ಸಣ್ಣ ಹೊಳೆಯೇ. ಮೈಸೂರಿನಿಂದ ಒಂದು ಕುಟುಂಬ ಬಂದಿತ್ತು. ಆರು ವರ್ಷದ ಹುಡುಗ ನೀರು ನೋಡಲು ರೇಲಿಂಗಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟ. ಯಾವ ಮಗು ಇಡುವುದಿಲ್ಲ ಹೇಳಿ? ಪಟ್ಟಿ ಎರಡು ತುಂಡಾಗಿ ಒಂದು ತುಂಡು ನೀರಿಗೆ ಬಿತ್ತು. ಹಿಂದೆಯೇ ಇದ್ದ ನಮ್ಮ ಮಾವ ಹುಡುಗನ ರೇನ್‌ಕೋಟಿನ ಟೋಪಿ ಹಿಡಿದು ಎಳೆದರು. ಹುಡುಗನಿಗೆ ಮೊಣಕಾಲು ತರಚಿತು, ಅಷ್ಟೇ. ಮಾವನಿಗೆ 74 ವರ್ಷ. ಅವರು ಅಂದು ಅಲ್ಲಿ ಇರದಿದ್ದರೆ ನಾನು ಈ ಪತ್ರವನ್ನು ನಿಮಗಲ್ಲ, ಪೊಲೀಸರಿಗೆ ಬರೆಯುತ್ತಿದ್ದೆ.

ಆ ಕುಟುಂಬ ಮರುದಿನ ಬೆಳಗ್ಗೆಯೇ ಹೊರಟಿತು. ಎರಡು ರಾತ್ರಿಯ ಹಣ ವಾಪಸ್ ಕೊಟ್ಟೆ. ಅವರು ಕೇಳಿರಲಿಲ್ಲ.

ಮುರಿದ ತುಂಡನ್ನು ಎತ್ತಿ ನೋಡಿದೆ. ಒಳಗೆ 8 ಎಂಎಂ ಕಂಬಿ ಇಲ್ಲ. 6 ಎಂಎಂ ಕೂಡ ಇಲ್ಲ. ಕಂಬಿ ಕಟ್ಟಲು ಬಳಸುವ ತೆಳು ಬೈಂಡಿಂಗ್ ವೈರ್ ಎರಡೆಳೆ ತಿರುಚಿ ಇಟ್ಟಿದ್ದಾರೆ. ಮೆಶ್ ಮಾತೇ ಇಲ್ಲ. ಕಂಬಗಳಲ್ಲಿ ಕಂಬಿ ಇದೆ, ಒಪ್ಪುತ್ತೇನೆ. ಆದರೆ ಅದು ನಡುವೆ ಇರುವ ಬದಲು ಒಂದು ಬದಿಗೆ ಒತ್ತಿಕೊಂಡಿದೆ. ಉಗುರಿನಷ್ಟೂ ಸಿಮೆಂಟ್ ಹೊದಿಕೆ ಇಲ್ಲ. ಐದು ಕಂಬಗಳಲ್ಲಿ ಈಗಲೇ ಉದ್ದಕ್ಕೆ ಸೀಳು ಬಿಟ್ಟು, ಕೆಂಪು ನೀರು ಇಳಿದ ಗುರುತಾಗಿದೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿದ್ದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಲ್ಲಿ ಮತ್ತೆ ನೀರು, ಮತ್ತೆ ತುಕ್ಕು. ಇದು ನಿಮಗೆ ನಾನು ಹೇಳಿಕೊಡಬೇಕಾದ ಪಾಠ ಅಲ್ಲ. ಮೇಲೆ ಥಳುಕು ಒಳಗೆ ಹುಳುಕು ಅಂತ ಮರಕ್ಕೆ ಹೇಳುವುದನ್ನು ಕೇಳಿದ್ದೆ. ಸಿಮೆಂಟಿಗೂ ಹುಳುಕು ಹಿಡಿಸಬಹುದು ಅಂತ ನಿಮ್ಮಿಂದ ತಿಳಿಯಿತು.

ಇನ್ನು ಕೈಕೆತ್ತನೆ. ಅದನ್ನು ಕಂಡುಹಿಡಿದವರೂ ಮಾವನೇ. ಮಳೆಗಾಲದಲ್ಲಿ ಅವರಿಗೆ ಕೆಲಸ ಕಡಿಮೆ, ಜಗಲಿಯಲ್ಲಿ ಕೂತು ಸೇತುವೆ ನೋಡುತ್ತಿರುತ್ತಾರೆ. ಒಂದು ದಿನ ಕರೆದು, ‘ಈ ಮರಕ್ಕೆಲ್ಲ ಒಂದೇ ಜಾಗದಲ್ಲಿ ಗಂಟು ಯಾಕಮ್ಮ?’ ಎಂದರು. ಹೋಗಿ ಎಣಿಸಿದೆ. ಹದಿನಾಲ್ಕು ಕಂಬಗಳಲ್ಲಿ ಹನ್ನೊಂದಕ್ಕೆ ನೆಲದಿಂದ ಒಂದೇ ಎತ್ತರದಲ್ಲಿ, ಒಂದೇ ಆಕಾರದ ಗಂಟು. ಅದರ ಎಡಕ್ಕೆ ಒಂದೇ ತರದ ಬಿರುಕು. ಉಳಿದ ಮೂರಕ್ಕೂ ಅದೇ ಗಂಟಿದೆ, ಆದರೆ ಬೆನ್ನು ತಿರುಗಿಸಿ ನೆಟ್ಟಿದ್ದಾರೆ. ಎಲ್ಲ ಒಂದೇ ಅಚ್ಚಿನಲ್ಲಿ ಎರೆದ ಕಂಬಗಳು. ನಿಮ್ಮ ಯಾರ್ಡಿನಲ್ಲಿ ಎರೆದು, ಪಿಕಪ್‌ನಲ್ಲಿ ತಂದು, ಇಲ್ಲಿ ಗಾರೆ ಹಚ್ಚಿ ಜೋಡಿಸಿದ್ದು. ಅಚ್ಚಿನಲ್ಲಿ ಮಾಡುವುದು ತಪ್ಪಲ್ಲ. ಅಗ್ಗದಲ್ಲಿ ಬೇಕಾದವರಿಗೆ ಅದೂ ಇರಲಿ. ಆದರೆ ಅಚ್ಚಿನ ಮಾಲಿಗೆ ಕೈಕೆತ್ತನೆಯ ಬೆಲೆ ತೆಗೆದುಕೊಳ್ಳುವುದು ತಪ್ಪು, ಅಲ್ವಾ?

ಬಣ್ಣದ್ದು ಇನ್ನೊಂದು ಕಥೆ. ನಮ್ಮ ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ನಮ್ಮ ಅತ್ತೆ ಮದುವೆಯಾಗಿ ಬರುವ ಮೊದಲಿನದು. ಇವತ್ತೂ ಒರೆಸಿದರೆ ಮುಖ ಕಾಣುತ್ತದೆ. ಕಾರಣ, ಬಣ್ಣ ಸಿಮೆಂಟಿನ ಜೊತೆಗೇ ಬೆರೆತಿದೆ. ಈ ಕೆಲಸದಲ್ಲೂ ಕೊನೆಯ ಪದರಕ್ಕೇ ಆಕ್ಸೈಡ್ ಬೆರೆಸಬೇಕು, ಇಲ್ಲವೇ ಸಿಮೆಂಟಿನೊಳಗೆ ಇಳಿಯುವ ಸ್ಟೇನ್ ಕೊಡಬೇಕು. ರೊಡ್ರಿಗಸ್ ತಮ್ಮ ಬಣ್ಣ ಬೆರೆಸುವ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ ಅಂತ ನಿಮ್ಮ ಹುಡುಗನೇ ಹೇಳಿದ್ದರು. ನಿಮ್ಮ ಗುಟ್ಟು ಜೂನ್ ಕೊನೆಗೇ ರಟ್ಟಾಯಿತು. ಮೇಲೆ ಹಚ್ಚಿದ್ದು ಬರೀ ಪೇಂಟ್. ಬೀಟೆಯ ಬಣ್ಣ ಹಪ್ಪಳದಂತೆ ಎದ್ದಿತು, ಒಳಗಿನಿಂದ ಬಿಳಿ ಉಪ್ಪು ಸೋರಿತು. ಪಾಚಿ ಬಂದಿದೆ ಅಂತ ನಾನು ದೂರುತ್ತಿಲ್ಲ. ಕಕ್ಕಬ್ಬೆಯಲ್ಲಿ ಮನುಷ್ಯ ಅಲ್ಲಾಡದೆ ನಿಂತರೆ ಅವನಿಗೂ ಪಾಚಿ ಬರುತ್ತದೆ. ಒಳ್ಳೆಯ ಕೆಲಸವಾಗಿದ್ದರೆ ಪಾಚಿ ಬಂದಷ್ಟೂ ಅದು ನಿಜವಾದ ಮರದಂತೆ ಕಾಣುತ್ತಿತ್ತು. ಈಗ ಸುಲಿದ ಪೇಂಟಿನ ಮೇಲೆ ಕೂತ ಪಾಚಿ ನೋಡಿದರೆ ಕಜ್ಜಿ ಹತ್ತಿದಂತಿದೆ.

ಕೆಲಸ ನಡೆದದ್ದು ಮೇ 19ರಿಂದ 23. ಐದೇ ದಿನ. ಅದರಲ್ಲಿ ಎರಡು ದಿನ ಸಂಜೆ ಜೋರು ಮಳೆ. ಅಡ್ಡಪಟ್ಟಿಗಳನ್ನು ಅಲ್ಲೇ ಎರೆದಿದ್ದರು, ಮುಚ್ಚಲು ಏನೂ ತಂದಿರಲಿಲ್ಲ. ಕಾಫಿ ಒಣಗಿಸುವಾಗ ಹೊದಿಸುವ ನಮ್ಮ ಟಾರ್ಪಾಲು ಕೊಟ್ಟೆ. ಅದನ್ನು ಸಿಮೆಂಟ್ ಮೂಟೆಗೆ ಹೊದಿಸಿದರು, ಹಸಿ ಕೆಲಸ ಮಳೆಗೆ ತೊಳೆದು ಹೋಯಿತು. ಬೆಳಗ್ಗೆ ಅದರ ಮೇಲೇ ತೆಳ್ಳಗೆ ಗಾರೆ ಬಳಿದರು. ಕ್ಯೂರಿಂಗ್ ಬಗ್ಗೆ, ಅಂದರೆ ಸಿಮೆಂಟ್ ಗಟ್ಟಿಯಾಗಲು ಅದನ್ನು ತೇವವಾಗಿಡುವ ಬಗ್ಗೆ, ಕೇಳಿದರೆ ನಿಮ್ಮ ಸೂಪರ್‌ವೈಸರ್, ‘ಕೊಡಗಿನಲ್ಲಿ ಮಳೆಯೇ ಕ್ಯೂರಿಂಗ್ ಮಾಡುತ್ತೆ ಬಿಡಿ ಮೇಡಂ’ ಎಂದರು. ಅವರು ಹೋದ ಮೇಲೆ ಒಂದು ವಾರ ಒಳ್ಳೆಯ ಬಿಸಿಲು. ನೀರು ಹಾಕಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐ.ಎಸ್. 456 ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ತೇವ ಇರಬೇಕು. ನಿಮ್ಮವರು ಬಿಟ್ಟುಹೋದ ಖಾಲಿ ಚೀಲದ ಮೇಲೆ ಪಿ.ಪಿ.ಸಿ. ಅಂತಿದೆ, ಅಂದರೆ ಹಾರುಬೂದಿಯದೇ. ಚೀಲ ಇಟ್ಟುಕೊಂಡಿದ್ದೇನೆ.

ಈಗ ನಿಮ್ಮ ಎರಡನೇ ಉತ್ತರಕ್ಕೆ ಬರುತ್ತೇನೆ. ‘ಅತಿಯಾದ ಮಳೆಯಿಂದ ಆದ ಹಾನಿ ಪ್ರಕೃತಿ ವಿಕೋಪದಲ್ಲಿ ಬರುತ್ತದೆ, ವಾರಂಟಿ ಅನ್ವಯಿಸುವುದಿಲ್ಲ.’ ಸ್ವಾಮಿ, ವಿಕೋಪ ಅಂದರೆ ಏನು ಅಂತ ಕೊಡಗಿನವರಿಗೆ ಹೇಳಲು ಬರಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆಗಳು ಹೋದದ್ದು ವಿಕೋಪ. ಈ ವರ್ಷ ಜೂನಿನಲ್ಲಿ ಮಳೆ ಬಂದದ್ದು, ಜೂನ್ ಬಂದದ್ದು ಅಷ್ಟೇ. ಇಲ್ಲಿ ಮಳೆ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಮರ ಬಿಟ್ಟು ಕಾಂಕ್ರೀಟ್ ಮಾಡಿಸಿದ್ದು ನಾನು. ಮಳೆ ತಡೆಯದ ವಸ್ತುವನ್ನು ಮಳೆಗಾಗಿಯೇ ಮಾರಿ, ಈಗ ತಪ್ಪು ಮಳೆಯದು ಅಂದರೆ ಹೇಗೆ?

‘ಈ ಕೆಲಸ ಈ ಹವೆಗೆ ಆಗುವುದೇ ಇಲ್ಲ’ ಎಂದೂ ನಿಮ್ಮವರು ಫೋನಿನಲ್ಲಿ ಹೇಳಿದರು. ಆಗುತ್ತದೆ. ನನ್ನ ಅಂಗಳದಲ್ಲೇ ಸಾಕ್ಷಿ ಇದೆ. ಮುರಿದದ್ದನ್ನು ತೋರಿಸಲು ಊರಿನ ಗಾರೆ ಮೇಸ್ತ್ರಿಯನ್ನು ಕರೆಸಿದ್ದೆ. ಅವರು ಮೊದಲು ದೇವಸ್ಥಾನಗಳಲ್ಲಿ ಗಾರೆ ಬೊಂಬೆ ಮಾಡುತ್ತಿದ್ದವರು. ನಿಮ್ಮ ಕಂಬಕ್ಕೆ ಬೆರಳಿನಲ್ಲಿ ತಟ್ಟಿ, ಸದ್ದು ಕೇಳಿ, ನಕ್ಕರು. ಆಮೇಲೆ ‘ಒಂದು ಬೊಡ್ಡೆ ಮಾಡಿ ತೋರಿಸ್ತೀನಮ್ಮ, ಸುಮ್ನೆ’ ಎಂದು ಕೂತರು. ಕಂಬಿ ಬಗ್ಗಿಸಿ ಗೂಡು ಕಟ್ಟಿದರು, ಅದಕ್ಕೆ ಮೆಶ್ ಸುತ್ತಿದರು. ಮೊದಲ ಕೋಟನ್ನು ಮೆಶ್‌ನ ಕಣ್ಣೊಳಗೆ ಹೋಗುವಂತೆ ಒತ್ತಿ, ಮೇಲೆ ಗೀರು ಹಾಕಿ ಬಿಟ್ಟರು. ಮರುದಿನ ಎರಡನೆಯದು. ಕೊನೆಯ ಕೋಟಿಗೆ ಮರಳನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿದು, ಕಂದು ಆಕ್ಸೈಡ್ ಸೇರಿಸಿದರು. ಆಮೇಲೆ ಕಾದರು. ಇಡೀ ಕೆಲಸ ಇರುವುದು ಆ ಕಾಯುವುದರಲ್ಲೇ ಅಂತೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಆ ಹದ ಬಂದಾಗ ಸಣ್ಣ ಕರಣೆಯಿಂದ ತೊಗಟೆಯ ಬಿರುಕು ಸೀಳಿದರು, ನನ್ನ ಅಡುಗೆಮನೆಯ ಫೋರ್ಕಿನಲ್ಲಿ ಎಳೆ ಎಳೆದರು, ತೆಂಗಿನ ನಾರಿನ ಬ್ರಶ್ಶಿನಿಂದ ಒರಟು ಮಾಡಿದರು. ಎದುರಿನ ಹಲಸಿನ ಮರವನ್ನು ಆಗಾಗ ಎದ್ದು ಹೋಗಿ ಮುಟ್ಟಿ ನೋಡಿ ಬರುತ್ತಿದ್ದರು. ಮಳೆ ಹೊಡೆಯದಂತೆ ಮೇಲೆ ಶೀಟು ಕಟ್ಟಿ, ಹತ್ತು ದಿನ ಒದ್ದೆ ಗೋಣಿಚೀಲ ಸುತ್ತಿಟ್ಟರು. ಆಗಸ್ಟ್ ಕೊನೆಯಿಂದ ಅದು ಹೊರಗೇ ಇದೆ. ಒಂದು ಕೂದಲೆಳೆಯ ಬಿರುಕು ಕೂಡ ಇಲ್ಲ. ಮೊನ್ನೆ ನಮ್ಮ ನಾಯಿ ಅದನ್ನು ಮರ ಅಂತಲೇ ತಿಳಿದು ಕಾಲೆತ್ತಿತು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ನಾನು ಕೇಳುವುದು ಇಷ್ಟು. ಮೇಜು, ಸ್ಟೂಲುಗಳನ್ನು ಇಟ್ಟುಕೊಳ್ಳುತ್ತೇನೆ. ಬಣ್ಣ ಹೋಗಿದ್ದರೂ ಗಟ್ಟಿಯಾಗಿ ನಿಂತಿವೆ, ಅದರ ಜಗಳ ಬೇಡ. ರೇಲಿಂಗ್ ಮಾತ್ರ ಪೂರ್ತಿ ತೆಗೆಯಬೇಕು. ತೇಪೆ ಹಚ್ಚಲು ಒಪ್ಪುವುದಿಲ್ಲ. ನಿಮ್ಮದೇ ಕೊಟೇಶನ್‌ನಲ್ಲಿ ಬರೆದಂತೆ 8 ಎಂಎಂ ಕಂಬಿ, ಮೆಶ್ ಹಾಕಿ, ಇಲ್ಲೇ ಕೈಯಲ್ಲಿ ಕೆತ್ತಿ ಹೊಸದಾಗಿ ಮಾಡಿಕೊಡಬೇಕು. ಸಿಮೆಂಟ್ ಹಾಕುವ ಮೊದಲು ಕಂಬಿಯ ಗೂಡನ್ನು ನಾನು ಮತ್ತು ಮೇಸ್ತ್ರಿ ನೋಡಬೇಕು. ಆಗದಿದ್ದರೆ ರೇಲಿಂಗಿನ 1,22,000ದಲ್ಲಿ ನಿಮ್ಮ ಬಾಕಿ 16,000 ಕಳೆದು, 1,06,000 ರೂಪಾಯಿ ವಾಪಸ್ ಕೊಡಿ. ಮುರಿದದ್ದನ್ನು ಸಾಗಿಸುವ ಖರ್ಚು ನಿಮ್ಮದು. ಇದು ತೀರುವವರೆಗೆ ಬಾಕಿ ಹಣ ಕೇಳಿ ಮೆಸೇಜ್ ಮಾಡಬೇಡಿ, ಕೈಮುಗಿಯುವ ಚಿತ್ರವಂತೂ ಬೇಡವೇ ಬೇಡ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರು ಕೊಡುವವರು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ನಿಮ್ಮ ಊರಿಗೆ ಅಲೆಯಬೇಕಾಗಿಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ‘ಹೋಂಸ್ಟೇ ವ್ಯಾಪಾರ, ನೀವು ಗ್ರಾಹಕರಲ್ಲ’ ಎಂದು ವಾದ ಹೂಡಬೇಡಿ. ಇದು ನಾವು ಮನೆಯವರೇ ಅಡುಗೆ ಮಾಡಿ, ಕಸ ಗುಡಿಸಿ ನಡೆಸುವ ಹೊಟ್ಟೆಪಾಡು. ಅದನ್ನೂ ಅದೇ ಕಾಯ್ದೆ ಗುರುತಿಸುತ್ತದೆ.

ಬರುವುದಾದರೆ ನವೆಂಬರಿನಲ್ಲಿ, ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮೊದಲು ಬನ್ನಿ. ಕಾವೇರಿ ಸಂಕ್ರಮಣ ಮುಗಿದಿದೆ, ಮಳೆ ಕಡಿಮೆಯಾಗುತ್ತಿದೆ. ಪುತ್ತರಿ ಕಳೆದರೆ ಕಾಫಿ ಕೊಯ್ಲು, ಆಗ ನಮಗೂ ಪುರುಸೊತ್ತಿಲ್ಲ, ತೋಟದ ದಾರಿಯೂ ಖಾಲಿ ಇರುವುದಿಲ್ಲ. ಲಾರಿ ತರಬೇಡಿ, ಕೊನೆಯ ತಿರುವಿನಲ್ಲಿ ತಿರುಗುವುದಿಲ್ಲ, ಪಿಕಪ್ ಸಾಕು. ಸೇತುವೆಯ ಎರಡೂ ಬದಿಗೆ ಸದ್ಯ ಬಿದಿರು ಕಟ್ಟಿದ್ದೇವೆ. ದಾಟುವಾಗ ನಿಮ್ಮ ಕಂಬ ಹಿಡಿಯಬೇಡಿ, ಬಿದಿರನ್ನೇ ಹಿಡಿದುಕೊಳ್ಳಿ. ಮತ್ತೆ, ಟಾರ್ಪಾಲು ನೀವೇ ತನ್ನಿ.

ಫೋಟೋಗಳು, ಕೊಟೇಶನ್, ಹಣ ಕಟ್ಟಿದ ರಸೀದಿಗಳ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮುರಿದ ಅಡ್ಡಪಟ್ಟಿ, ಬೈಂಡಿಂಗ್ ವೈರ್ ಸಮೇತ, ನಮ್ಮ ಕಣದ ಶೆಡ್ಡಿನಲ್ಲಿದೆ. ಬಂದಾಗ ನೋಡಬಹುದು.

ಇಂತಿ,
ಹೋಂಸ್ಟೇ ನಡೆಸುವವರು,
ಕಕ್ಕಬ್ಬೆ