ಮಗಳಿಗೊಂದು ಪತ್ರ: ಕೆಲಸ ಹುಡುಕುತ್ತಿದ್ದೇನೆ ಅಂತ ಹೇಳು

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಾಗಿದೆ. ಆದರೆ ಕೆಲಸ ಹೋಗಿದೆ, ಹುಡುಕುತ್ತಿದ್ದೇನೆ ಅಂತ ಪರಿಚಯದವರಿಗೆಲ್ಲ ಹೇಳು ಅಂದೆನಲ್ಲ, ಆ ಮಾತನ್ನು ವಾಪಸ್ ತಗೊಳ್ಳುವುದಿಲ್ಲ. ಫೋನಿನಲ್ಲಿ ಮತ್ತೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

"ನನಗೆ ಯಾರ ಶಿಫಾರಸೂ ಬೇಡ, ಕೈಲಿ ವಿದ್ಯೆ ಇದೆ" ಅಂದೆ ನೀನು. ಕೇಳಿ ಹೆಮ್ಮೆಯಾಯಿತು, ಹಿಂದೆಯೇ ಹೆದರಿಕೆಯೂ ಆಯಿತು. ನಿಮ್ಮಪ್ಪ ಆಡಿದ ಮಾತೂ ಇದೇ.

ದಾವಣಗೆರೆಯ ಹತ್ತಿ ಮಿಲ್ಲುಗಳು ಒಂದರ ಹಿಂದೊಂದು ಬಾಗಿಲು ಹಾಕಿದ ಕಾಲ ಅದು. ನೀನಿನ್ನೂ ಅಂಗನವಾಡಿಗೆ ಹೋಗುತ್ತಿದ್ದೆ. ಅಪ್ಪ ಸ್ಪಿನ್ನಿಂಗ್ ಖಾತೆಯಲ್ಲಿ ಫಿಟ್ಟರ್. ಮಿಲ್ಲು ಮುಚ್ಚಿದ ಮೇಲೂ ದಿನಾ ಬೆಳಿಗ್ಗೆ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಒಳಕೋಣೆಯಲ್ಲಿ ಕೂರುತ್ತಿದ್ದರು. ಹಗಲು ಹೊತ್ತಿನಲ್ಲಿ ತಲೆಬಾಗಿಲು ತೆಗೆಯಲು ಬಿಡುತ್ತಿರಲಿಲ್ಲ. ಚಹಾದಂಗಡಿ ಬಿಟ್ಟರು, ಮದುವೆ ಮುಂಜಿ ಬಿಟ್ಟರು. ಯಾರಾದರೂ ಹೊರಗೆ ನಿಂತು ಕೂಗಿದರೆ "ಊರಲ್ಲಿಲ್ಲ ಅನ್ನು" ಅಂತ ನನಗೆ ಕೈಸನ್ನೆ. ನಾನು ಹಾಗೇ ಹೇಳಿ ಕಳಿಸುತ್ತಿದ್ದೆ. ಮಿಲ್ಲಿನ ಗೆಳೆಯರು ಮಾತ್ರ ಕತ್ತಲಾದ ಮೇಲೆ ಬರುತ್ತಿದ್ದರು. ಅವರ ಹತ್ತಿರ ಯಾವ ಸುದ್ದಿ ಇರಲು ಸಾಧ್ಯ? ಎಲ್ಲರ ಕೆಲಸವೂ ಒಂದೇ ದಿನ ಹೋಗಿತ್ತು, ಎಲ್ಲರೂ ಅದದೇ ನಾಲ್ಕು ಗೇಟಿಗೆ ಅಲೆದು ಬಂದವರು.

ನಾನು ಎಲ್‌ಐಸಿ ಏಜೆನ್ಸಿ ತಗೊಂಡಿದ್ದು ಆಗಲೇ. ಪಾಲಿಸಿ ಕೇಳಲು ಪಿ.ಬಿ. ರಸ್ತೆಯ ಒಂದು ಬೇರಿಂಗ್ ಅಂಗಡಿಗೆ ಹೋಗಿದ್ದೆ. ಮಿಲ್ಲಿಗೆ ಸಾಮಾನು ಕೊಡುತ್ತಿದ್ದವರು, ಅಪ್ಪನಿಗೆ ಮುಖ ಪರಿಚಯ ಅಷ್ಟೇ. "ಫಿಟ್ಟರ್ ಸಾಹೇಬ್ರು ಈಗ ಎಲ್ಲಿದ್ದಾರಮ್ಮ?" ಅಂದರು. ಊರಲ್ಲಿಲ್ಲ ಅನ್ನುವುದು ಬಾಯಿಗೆ ಬಂದಿತ್ತು. ಯಾಕೋ "ಮನೇಲೇ ಇದ್ದಾರೆ ಅಣ್ಣ, ಕೆಲಸ ಇಲ್ಲ" ಅಂದುಬಿಟ್ಟೆ. ಅವರು ಹಣೆ ಹಣೆ ಚಚ್ಚಿಕೊಂಡರು. "ಮಲೇಬೆನ್ನೂರಿನ ಅಕ್ಕಿ ಗಿರಣಿಯವರು ಹೋದ ವಾರ ಒಳ್ಳೆ ಫಿಟ್ಟರ್ ಬೇಕು ಅಂತ ನನ್ನೇ ಕೇಳಿದ್ದರು. ಇವರಿಗೆ ಎಲ್ಲೋ ಆಗಿರಬೇಕು ಅಂತ ನಾನು ಹೆಸರೇ ಹೇಳಲಿಲ್ಲ!"

ಈ ಮಾತನ್ನು ನಾನು ಇವತ್ತಿಗೂ ನೆನೆಯುತ್ತೇನೆ ಪುಟ್ಟಿ. ಆ ಮನುಷ್ಯ ಕೆಟ್ಟವರಲ್ಲ, ಮನಸ್ಸಿಲ್ಲದವರೂ ಅಲ್ಲ. ಅವರಿಗೆ ಗೊತ್ತಿರಲಿಲ್ಲ. ನಾವೇ ಹೇಳಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ವಾಪಸ್ ಕಳಿಸಿದವರಲ್ಲಿ ಇನ್ನೂ ಎಷ್ಟು ಜನರ ಜೇಬಿನಲ್ಲಿ ಎಂಥ ಸುದ್ದಿ ಇತ್ತೋ.

ಅಪ್ಪ ಅಲ್ಲಿಗೆ ಹೋಗಲೂ ಒಪ್ಪಲಿಲ್ಲ, "ಹೋಗಿ ಕೈ ಚಾಚಲೇ?" ಅಂದರು. ಕಡೆಗೆ ಹೋದರು. ಗಿರಣಿ ಮಾಲೀಕರು ಶಿಫಾರಸಿಗೆ ಕೆಲಸ ಕೊಡಲಿಲ್ಲ, ಕಾಳು ಮೇಲೆತ್ತುವ, ಕೆಟ್ಟು ನಿಂತ ಎಲಿವೇಟರ್ ತೋರಿಸಿ ಬಿಚ್ಚಿ ಅಂದರು. ಸಂಜೆಗೆ ಅದು ಓಡಿತು. ಕೆಲಸ ಅಪ್ಪನ ಕೈಯೇ ಗಳಿಸಿದ್ದು. ಆ ಕೈ ಗಿರಣಿಯ ತನಕ ತಲುಪಲು ಒಬ್ಬರು ಹೆಸರು ಹೇಳಬೇಕಿತ್ತು. ಆಮೇಲಿನದು ನಿನಗೆ ಗೊತ್ತು, ಬರೆಯುವುದಿಲ್ಲ.

ನಿನ್ನ ತಮ್ಮನಿಗೆ ಇದನ್ನು ಹೇಳಿದರೆ ಅವನ ಸಮಾಜಶಾಸ್ತ್ರದ ಪಾಠದಲ್ಲೇ ಇದೆಯಂತೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದಾರೆ. ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದರೆ, ಪದೇ ಪದೇ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರಿಂದ. 2022ರಲ್ಲಿ ಲಿಂಕ್ಡ್‌ಇನ್ ಅನ್ನುವ, ಕೆಲಸದ ಪರಿಚಯಗಳ ಜಾಲತಾಣದ ಸುಮಾರು 2 ಕೋಟಿ ಜನರ ಲೆಕ್ಕ ಹಿಡಿದು ನೋಡಿದಾಗಲೂ ನೆರವಿಗೆ ಬಂದದ್ದು ತೀರಾ ಹತ್ತಿರದವರೂ ಅಲ್ಲದ, ಪೂರ್ತಿ ಹೊರಗಿನವರೂ ಅಲ್ಲದ ಪರಿಚಯಗಳೇ. ನೀನು ದಿನಾ ಮಾತಾಡುವುದು ನಿನ್ನ ಜೊತೆಗೇ ಲೇಆಫ್ ಆದ ಗೆಳತಿಯರ ಹತ್ತಿರ. ಅವರಿಗೆ ಗೊತ್ತಿರುವುದೆಲ್ಲ ನಿನಗೂ ಗೊತ್ತು.

ನಿನ್ನ ಹಳೇ ಟೀಮ್ ಲೀಡ್ ಬೇರೆ ಕಂಪನಿಗೆ ಹೋದರು ಅಂದಿದ್ದೆ. ಅವರಿಗೆ ಬರಿ. ಕಾಲೇಜಿನ ಸೀನಿಯರ್‌ಗಳಿಗೆ ಬರಿ, ಕ್ಲೈಂಟ್ ಕಡೆ ನಿನ್ನ ಸಾಫ್ಟ್‌ವೇರ್ ಟೆಸ್ಟಿಂಗ್ ಮೆಚ್ಚಿದ್ದರಲ್ಲ, ಅವರಿಗೂ. "ಹಾಯ್, ಏನಾದರೂ ಇದ್ದರೆ ಹೇಳಿ" ಅಂತ ಒಂದೇ ಸಾಲನ್ನು ನಲವತ್ತು ಜನಕ್ಕೆ ಕಳಿಸಬೇಡ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಎಲ್ಲಿ ಪರಿಚಯವಾಗಿದ್ದು, ಏನು ಬಲ್ಲೆ, ಎಂಥ ಕೆಲಸ ನೋಡುತ್ತಿದ್ದೀಯ, ಇಷ್ಟು ಬರಿ. ಅವರ ಕಂಪನಿಯಲ್ಲಿ ಜಾಗ ಕಂಡರೆ ಆ ಜಾಗದ ಜಾಬ್ ಐಡಿ ನಂಬರು, ರೆಸ್ಯೂಮೆ ಎರಡೂ ಕಳಿಸು, ಹುಡುಕುವ ಕೆಲಸ ಅವರ ತಲೆಗೆ ಹಾಕಬೇಡ. ಜಾಗ ಇಲ್ಲದಿದ್ದರೆ ಹದಿನೈದು ನಿಮಿಷ ಮಾತಾಡಲು ಕೇಳು, ಅವರ ಕೆಲಸದ ಬಗ್ಗೆ ವಿಚಾರಿಸು, "ಇನ್ಯಾರ ಹತ್ತಿರ ಮಾತಾಡಲಿ?" ಅಂತ ಕೇಳಿಯೇ ಫೋನ್ ಇಡು. ಒಳಗಿನವರು ಹೆಸರು ಸೂಚಿಸಿ, ಅಂದರೆ ರೆಫರಲ್ ಕೊಟ್ಟು, ಜನ ಸೇರಿದರೆ ಎಷ್ಟೋ ಕಂಪನಿಗಳು ಕೊಟ್ಟವರಿಗೇ ದುಡ್ಡು ಕೊಡುತ್ತವೆ ಅಂತ ನೀನೇ ಹೇಳಿದ್ದೆ. ಹಾಗಿದ್ದ ಮೇಲೆ ಭಿಕ್ಷೆ ಹೇಗಾಗುತ್ತದೆ?

ಆಮೇಲೆ ಏನಾಯಿತು ಅಂತ ಅವರಿಗೆ ತಿಳಿಸು, ಆಗದಿದ್ದರೂ ತಿಳಿಸು. ನನ್ನ ಡೈರಿಯಲ್ಲಿ ಯಾರ ಮಗಳ ಪರೀಕ್ಷೆ, ಯಾರ ಮನೆಯಲ್ಲಿ ಆಪರೇಷನ್ ಅಂತ ಬರೆದಿಡುವುದನ್ನು ನೋಡಿ ನೀನು ನಗುತ್ತಿದ್ದೆ. ಪಾಲಿಸಿ ಬೇಕಾದಾಗ ಮಾತ್ರ ಬಾಗಿಲು ತಟ್ಟುವ ಏಜೆಂಟರಿಗೆ ಎರಡನೇ ಸಲ ಬಾಗಿಲು ತೆಗೆಯುವುದಿಲ್ಲ. ನೀನೂ ಯಾರಿಗಾದರೂ ಉಪಯೋಗಕ್ಕೆ ಬರುವ ಸುದ್ದಿ ಕಂಡರೆ ಅವರಿಗೆ ಕಳಿಸು. ಟೆಸ್ಟಿಂಗ್‌ನವರ ಮೀಟಪ್‌ಗೆ ಹೋದರೆ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರಬೇಡ. ಕೆಲಸ ಕೊಡಿಸುತ್ತೇವೆ ಅಂತ ಡೆಪಾಸಿಟ್ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡ.

ಭಾಷಣ ಜಾಸ್ತಿಯಾಯಿತು, ಗೊತ್ತು. ಪಿಜಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತೀ ಅಂತ ನಿನ್ನ ರೂಮ್‌ಮೇಟ್ ಹೇಳಿದಾಗಿನಿಂದ ನನ್ನ ಜೀವ ನಿಂತಲ್ಲಿ ನಿಲ್ಲುತ್ತಿಲ್ಲ. ಅವಳ ಮೇಲೆ ಸಿಟ್ಟಾಗಬೇಡ, ನಾನೇ ಒತ್ತಾಯ ಮಾಡಿ ಕೇಳಿದೆ.

ಟೀಮ್ ಲೀಡ್‌ಗೆ ಇವತ್ತೇ ಬರಿ. ಕಳಿಸುವ ಮುಂಚೆ ನನಗೆ ತೋರಿಸಬೇಕಾಗಿಲ್ಲ, ಕಳಿಸಿದೆ ಅಂತ ಮಾತ್ರ ಹೇಳು. ಈ ತಿಂಗಳ ಪಿಜಿ ಬಾಡಿಗೆ ನಿನ್ನ ಖಾತೆಗೆ ಹಾಕಿದ್ದೇನೆ, ವಾಪಸ್ ಕಳಿಸಬೇಡ. ತಮ್ಮನ ಫೀಸು ಕಟ್ಟಿಯಾಗಿದೆ.

ನಿನ್ನ ಅಮ್ಮ