ಮೋಸ ಹೋದವರು ಬಾಯಿ ಬಿಡೋಕೆ ಹೆದರಬಾರದು: ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರೇ,

ನಮಸ್ಕಾರ.

ನಮ್ಮ ಚಿಕ್ಕಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೇಳಿದರೆ ತಲೆನೋವು ಅಂದರು. ನಾಲ್ಕನೇ ದಿನ ಫೋನನ್ನು ನನ್ನ ಕೈಗೆ ಕೊಟ್ಟು, ಗೋಡೆ ಕಡೆ ನೋಡುತ್ತಾ ವಿಷಯ ಹೇಳಿದರು. ಬ್ಯಾಂಕಿನಿಂದ ಮಾತಾಡ್ತಿದ್ದೀವಿ ಅಂತ ಯಾರೋ ಕರೆ ಮಾಡಿದ್ದರು. ಇವರು ಗಾಬರಿಯಲ್ಲಿ ಒಟಿಪಿ ಹೇಳಿಬಿಟ್ಟಿದ್ದರು. ಖಾತೆಯಲ್ಲಿ ಏನೂ ಉಳಿದಿರಲಿಲ್ಲ.

ಇಂಥ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತಾ ಹೋಗುತ್ತದೆ. ಮೊದಲ ಕೆಲವು ಗಂಟೆಯಲ್ಲಿ ದೂರು ಕೊಟ್ಟರೆ ನಡುದಾರಿಯಲ್ಲಿ ತಡೆಯುವ ಅವಕಾಶ ಇರುತ್ತದೆ. ಮೂರು ದಿನ ಆದಮೇಲೆ ಕಷ್ಟ. "ಅವತ್ತೇ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ಓದಿದವಳಿಗೆ ಇಷ್ಟೂ ಗೊತ್ತಾಗಲಿಲ್ವಾ ಅಂತೀರಲ್ಲ, ಅದಕ್ಕೇ ಸುಮ್ನಿದ್ದೆ" ಅಂದರು. ಮರುದಿನ ದೂರು ಕೊಡಲು ಹೋದಾಗ ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಒಟಿಪಿ ಯಾಕೆ ಹೇಳಿದ್ರಿ?"

ಈ ಪತ್ರ ಬರೆಯೋಕೆ ಆ ಪ್ರಶ್ನೆಯೇ ಕಾರಣ.

ಜನರಲ್ಲಿ ಜಾಗೃತಿ ಮೂಡಿಸಬೇಕು ಅಂತ ನೀವು ಆಗಾಗ ಹೇಳುತ್ತೀರಿ. ಒಳ್ಳೆಯದೇ. ಆದರೆ "ಎಚ್ಚರ, ಮೋಸ ಹೋಗಬೇಡಿ" ಅನ್ನುವ ಜಾಹೀರಾತನ್ನು ಮೋಸ ಹೋದವರ ಪಕ್ಕ ಕೂತು ಒಮ್ಮೆ ನೋಡಿ. ತಪ್ಪೆಲ್ಲ ನಿನ್ನದೇ ಅಂದ ಹಾಗೆ ಕೇಳಿಸುತ್ತದೆ. ಮೋಸ ಮಾಡುವವರಿಗೆ ಅದೇ ದಿನವಿಡೀ ಕೆಲಸ. ಹೇಗೆ ಹೆದರಿಸಬೇಕು, ಹೇಗೆ ಅವಸರ ಮಾಡಿಸಬೇಕು ಅಂತ ಪಳಗಿರುತ್ತಾರೆ. ಕಂಪ್ಯೂಟರ್ ಭದ್ರತೆಯನ್ನೇ ಕಸುಬು ಮಾಡಿಕೊಂಡವರೂ ಕೆಲವೊಮ್ಮೆ ಸುಳ್ಳು ಲಿಂಕ್ ಒತ್ತುತ್ತಾರೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಕೆಟ್ಟ ಅಭ್ಯಾಸ ಕಲಿಸುವುದರಲ್ಲಿ ಕಚೇರಿಗಳ ಪಾಲೂ ಇದೆ. ಲಿಂಕ್ ಒತ್ತಬೇಡಿ ಅಂತ ಒಂದು ಕಚೇರಿ ಹೇಳುತ್ತದೆ. "ಇವತ್ತೇ ಕೊನೆ ದಿನ, ಈ ಲಿಂಕ್ ಒತ್ತಿ" ಅಂತ ಇನ್ನೊಂದು ಕಚೇರಿ ಮೆಸೇಜ್ ಕಳಿಸುತ್ತದೆ. ಕಳ್ಳನೂ ಇದೇ ಧಾಟಿಯಲ್ಲಿ ಬರೆಯುತ್ತಾನೆ. ಜನ ಯಾವುದನ್ನು ನಂಬಬೇಕು?

ಒಂದು ಕಚೇರಿಯಲ್ಲಿ ಸರದಿಗೆ ಕಾಯುತ್ತಾ ನಿಂತಿದ್ದೆ. ಗುಮಾಸ್ತರ ಕಂಪ್ಯೂಟರ್ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿತ್ತು. ಅದರಲ್ಲಿ ಪಾಸ್‌ವರ್ಡ್. ಅದರ ಮೇಲೆ ಹಳೆಯವು, ಒಂದೊಂದಕ್ಕೂ ಗೀಟು ಎಳೆದಿತ್ತು. ಎಲ್ಲದರಲ್ಲೂ ಒಂದೇ ಹೆಸರು, ಕೊನೆಯಲ್ಲಿ 4, 5, 6, 7. ನನ್ನ ಹಿಂದೆ ನಿಂತವರಿಗೂ ಅದು ಕಾಣುತ್ತಿತ್ತು. ಆ ಗುಮಾಸ್ತರನ್ನು ಬೈಯಲು ನನಗೆ ಮನಸ್ಸಿಲ್ಲ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಅಂತ ನಿಯಮ ಮಾಡಿದರೆ ಮನುಷ್ಯರು ಮಾಡೋದೇ ಹೀಗೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು: ಸುಮ್ಮಸುಮ್ಮನೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತ ಒತ್ತಾಯಿಸಬೇಡಿ, ಸೋರಿದೆ ಅನ್ನೋ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು. ಹಳೆಯ ನಿಯಮ ಇನ್ನೂ ಎಷ್ಟೋ ಕಡೆ ಉಳಿದುಕೊಂಡಿದೆ.

ಅದೇ 2017ರ ಮೇ 12ರಂದು ವನ್ನಾಕ್ರೈ ಹರಡಿತು. ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ, ಬಿಡಿಸೋಕೆ ದುಡ್ಡು ಕೇಳುವ ವೈರಸ್ ಅದು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿ ರದ್ದಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಹೆಚ್ಚು ಕಡಿಮೆ ಎರಡು ತಿಂಗಳು ಸಮಯವಿತ್ತು. ಹಾಕಿಸೋಕೆ ಜನ, ದುಡ್ಡು, ಹೊತ್ತು ಬೇಕು. ಅದನ್ನು ಮಂಜೂರು ಮಾಡುವ ಕುರ್ಚಿಗಳು ನಿಮ್ಮಂಥವರವು ಅಲ್ವಾ?

ಇದೇನೂ ಹೊಸ ಮಾತಲ್ಲ. ವಿಶ್ವಸಂಸ್ಥೆಯ ಮಹಾಸಭೆ 2002ರ ಡಿಸೆಂಬರ್‌ನಲ್ಲೇ ಸೈಬರ್ ಭದ್ರತೆಯ ಜಾಗತಿಕ ಸಂಸ್ಕೃತಿ ಬೇಕು ಅಂತ ನಿರ್ಣಯ 57/239 ಅಂಗೀಕರಿಸಿತು. ಸರ್ಕಾರ, ಕಂಪನಿ, ಬಳಸುವವರು ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ಹೊಣೆ ಹೊರಬೇಕು ಅನ್ನುವುದು ಅದರ ತಿರುಳು. ಪಾತ್ರಕ್ಕೆ ತಕ್ಕಂತೆ ಅನ್ನೋದನ್ನು ಗಮನಿಸಿ. ಚಿಕ್ಕಮ್ಮನ ಹೆಗಲ ಮೇಲೆ ಇರೋ ಭಾರವೂ ನಿಮ್ಮ ಹೆಗಲ ಮೇಲೆ ಇರೋ ಭಾರವೂ ಒಂದೇ ಅಲ್ಲ.

ವಿಮಾನಯಾನದವರನ್ನು ನೋಡಿ. ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ಟು, ನಿಯಂತ್ರಣ ಕೊಠಡಿಯವರು, ಯಾರೇ ಆಗಲಿ, ತಮ್ಮ ಕೈಯಿಂದಾದ ತಪ್ಪನ್ನು ಬರೆದು ಕಳಿಸಬಹುದು. ಹೆಸರು ತೆಗೆದುಹಾಕುತ್ತಾರೆ. ಉಳಿದವರು ಅದನ್ನು ಓದಿ ಕಲಿಯುತ್ತಾರೆ. ದಂಡಿಸುವ ಇಲಾಖೆ ಬಿಟ್ಟು ನಾಸಾ ಕೈಗೆ ಇದನ್ನು ಕೊಟ್ಟಿದ್ದೇ ಜನ ನಂಬಿ ಬರೆಯಲಿ ಅಂತ.

ನಮಗೂ ಅಂಥದ್ದು ಬೇಕು. ಮೋಸ ಹೋದವರು, ತಪ್ಪು ಲಿಂಕ್ ಒತ್ತಿದ ಗುಮಾಸ್ತರು ಆ ಗಳಿಗೆಯಲ್ಲೇ ಹೇಳಿಕೊಳ್ಳುವ ಜಾಗ ಬೇಕು. ಅಲ್ಲಿ ಕೂತವರ ಮೊದಲ ಪ್ರಶ್ನೆ "ಯಾವಾಗ ಆಯ್ತು?" ಅಂತಿರಲಿ. "ಯಾಕೆ ಮಾಡಿದ್ರಿ?" ಅನ್ನೋದು ಆಮೇಲೆ. ಕಚೇರಿಗಳು ಮೆಸೇಜಿನಲ್ಲಿ ಲಿಂಕ್ ಕಳಿಸುವುದನ್ನು ನಿಲ್ಲಿಸಲಿ. ನಿಮ್ಮ ಇಲಾಖೆಯಿಂದಲೇ ಮಾಹಿತಿ ಸೋರಿದರೆ ನೀವೇ ಮುಂದೆ ಬಂದು ಹೇಳಿ. ಮಂತ್ರಿಯೇ ಹೇಳಿದರೆ ಕೆಳಗಿನವರಿಗೂ ಧೈರ್ಯ ಬರುತ್ತದೆ.

ಈ ಪತ್ರದಲ್ಲಿ ತಮ್ಮ ವಿಷಯ ಬರೆಯೋಕೆ ಚಿಕ್ಕಮ್ಮ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು.

ಇಂತಿ,
ನಿಮ್ಮ ಒಬ್ಬ ಮತದಾರ