ಬಿಲ್ಲಿಗೂ ಮೊಬೈಲ್ ಸಂಖ್ಯೆಗೂ ಏನು ಸಂಬಂಧ?

ಮಾನ್ಯರೇ,

ಅಂಗಡಿಗಳಲ್ಲಿ ಬಿಲ್ ಹಾಕುವ ಮೊದಲೇ ಗ್ರಾಹಕರ ಮೊಬೈಲ್ ಸಂಖ್ಯೆ ಕೇಳುವ ಪರಿಪಾಟ ಈಗ ಮಿತಿಮೀರಿದೆ. ಕಳೆದ ವಾರ ತಾಯಿಗೆ ರಕ್ತದೊತ್ತಡದ ಮಾತ್ರೆ ತರಲು ನಮ್ಮ ಬಡಾವಣೆಯ ಔಷಧ ಮಳಿಗೆಗೆ ಹೋಗಿದ್ದೆ. ಸಂಖ್ಯೆ ಕೊಡದಿದ್ದರೆ ಕಂಪ್ಯೂಟರ್ ಬಿಲ್ ಮಾಡುವುದಿಲ್ಲ ಎಂದರು. ನನ್ನ ಹಿಂದೆ ಸಾಲಿನಲ್ಲಿದ್ದ ವೃದ್ಧರೊಬ್ಬರು ಹತ್ತು ಮಂದಿಗೆ ಕೇಳುವಂತೆ ತಮ್ಮ ಸಂಖ್ಯೆಯನ್ನು ಕೂಗಿ ಹೇಳಬೇಕಾಯಿತು. ಮಾತ್ರೆಯ ಹೆಸರಿನ ಜೊತೆಗೆ ಸಂಖ್ಯೆಯೂ ಸೇರಿದರೆ ಮನೆಯವರ ಕಾಯಿಲೆಯ ವಿವರವೇ ಅಂಗಡಿಯವರ ಕಡತದಲ್ಲಿ ಕೂರುತ್ತದೆ. ಬ್ಯಾಂಕ್, ಯುಪಿಐ, ಆಧಾರ್‌ಗಳ ಒಟಿಪಿ ಬರುವುದೂ ಅದೇ ಸಂಖ್ಯೆಗೆ. ಅದನ್ನು ಹೀಗೆ ಬೀದಿಗೆ ಚೆಲ್ಲುವುದು ನನಗೆ ಭಯ ಹುಟ್ಟಿಸುತ್ತದೆ.

ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ಸಲಹೆ ನೀಡಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಅರ್ಜಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ನಾಡಿನಲ್ಲೇ ಆ ಹಕ್ಕು ಬಿಲ್ ಕೌಂಟರಿನಲ್ಲಿ ಸೋಲುತ್ತಿರುವುದು ನೋವಿನ ಸಂಗತಿ.

ತಂತ್ರಾಂಶ ಬರೆಯುವವನಾಗಿ ಹೇಳುತ್ತೇನೆ: ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟರೂ ಬಿಲ್ ಬರುವಂತೆ ಮಾಡುವುದು ತೀರಾ ಸಣ್ಣ ಕೆಲಸ. ರಾಜ್ಯ ಸರ್ಕಾರ ಅದನ್ನು ಕಡ್ಡಾಯಗೊಳಿಸಲಿ. ‘ಮೊಬೈಲ್ ಸಂಖ್ಯೆ ಕೊಡುವುದು ನಿಮ್ಮ ಇಚ್ಛೆ’ ಎಂಬ ಕನ್ನಡ ಫಲಕವನ್ನು ಪ್ರತಿ ಕೌಂಟರಿನ ಮುಂದೆಯೂ ಹಾಕಿಸಲಿ.

– ಓದುಗ, ಮೈಸೂರು